ಹುರುಳಿಕಟ್ಟಿಗೂ ಒಂದು ಬೋರ್ಡು ಬೇಕು

ಹುರುಳಿ ಬಸ್ಸಾರು ಗೆಲ್ಲುವುದೂ ಕೆಡುವುದೂ ಬಸಿಯುವ ಹೊತ್ತಿನಲ್ಲೇ. ಕಾಳು ಬೆರಳಲ್ಲಿ ಅಮುಕಿದರೆ ಮೆತ್ತಗಿರಬೇಕು, ಒಡೆದಿರಬಾರದು. ಆ ಹದದಲ್ಲಿ ಬಸಿದರೆ ಕಟ್ಟು ಕಂದು ಬಣ್ಣದಲ್ಲಿ ತಿಳಿಯಾಗಿ ಇಳಿಯುತ್ತದೆ. ಕುಕ್ಕರ್ ಎರಡು ಕೂಗು ಹೆಚ್ಚು ಕೂಗಿದರೆ ಕಾಳು ಕರಗಿ ಗಂಜಿಯಾಯಿತೆಂದೇ ಲೆಕ್ಕ. ಆಮೇಲೆ ಎಂಥ ಮಸಾಲೆ ರುಬ್ಬಿದರೂ ಅದು ಬಸ್ಸಾರಲ್ಲ.

ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿ ಸೀಮೆಗೆ ಈ ಕಾಳು ಒಗ್ಗಿದ್ದಕ್ಕೆ ಕಾರಣ ನೆಲದಲ್ಲೇ ಇದೆ. ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ; ಮಳೆ, ಕೆರೆ, ಕೊಳವೆಬಾವಿಯೇ ಗತಿ. ಮುಂಗಾರು ಕೈಕೊಟ್ಟ ಹೊಲಕ್ಕೂ ತಡವಾಗಿ ಹುರುಳಿ ಚೆಲ್ಲಿದರೆ, ಉಳಿದ ತೇವದಲ್ಲೇ ಅದು ಕೈಹಿಡಿಯುತ್ತದೆ. ಎತ್ತಿಗೂ ಅದೇ, ಮನುಷ್ಯರಿಗೂ ಅದೇ.

ಬಸಿದಾದ ಮೇಲೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಕಾಳು ಮೆಣಸು, ಹುಣಸೆಹಣ್ಣು. ಇವುಗಳ ಜೊತೆ ಬೆಂದ ಕಾಳು ಒಂದು ಹಿಡಿ. ನುಣ್ಣಗೆ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಬೇಕು. ಕೆಂಡದಲ್ಲಿ ಸುಟ್ಟ ಈರುಳ್ಳಿಯ ಹೊಗೆವಾಸನೆ ಸಾರಿಗೆ ಕೊಡುವ ಆಳವನ್ನು ಎಣ್ಣೆಯಲ್ಲಿ ಹುರಿದದ್ದು ಕೊಡುವುದಿಲ್ಲ. ಮಿಕ್ಕ ಕಾಳು ಒಗ್ಗರಣೆ ಹಾಕಿದರೆ ಪಲ್ಯ. ಮುದ್ದೆಗೆ ಇನ್ನೇನು ಬೇಕು!

ಕ್ಯಾಸಂಬಳ್ಳಿ ಗಡಿಯ ಊರಾದ್ದರಿಂದ ಒಂದೇ ಕಟ್ಟು ಮನೆಯಿಂದ ಮನೆಗೆ ರುಚಿ ಬದಲಿಸುತ್ತದೆ. ತೆಲುಗಿನವರು ಅದನ್ನು ಬತ್ತಿಸಿ ಬತ್ತಿಸಿ ದಪ್ಪನೆಯ ಉಲವಚಾರು ಮಾಡುತ್ತಾರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಜಿಎಫ್ ಗಣಿಗೆ ಕೈಹಾಕಿದ ಮೇಲೆ ದುಡಿಯಲು ಬಂದು ನೆಲೆಸಿದ ತಮಿಳರ ಮನೆಗಳಲ್ಲಿ ಮೆಣಸು ಮುಂದಾದ ತೆಳು ಕೊಳ್ಳು ರಸಂ. ಮೂರೂ ನನಗೆ ಇಷ್ಟ. ಆದರೂ ಸುಟ್ಟ ಈರುಳ್ಳಿಯ ಬಸ್ಸಾರಿಗೇ ನನ್ನ ಓಟು.

ತುರ್ಕಿಯವರ ಮೆರ್ಜಿಮೆಕ್ ಚೋರ್ಬಾ ಕೂಡ ಇಂಥದೇ ಬಡವರ ಬೇಳೆಯಿಂದ ಹುಟ್ಟಿದ್ದು. ನಮ್ಮ ಚನ್ನಂಗಿಬೇಳೆಯನ್ನೇ ಈರುಳ್ಳಿಯೊಂದಿಗೆ ಬೇಯಿಸಿ ನುಣ್ಣಗೆ ಮಾಡಿ, ಮೇಲೆ ಕೆಂಪು ಮೆಣಸಿನ ತರಿ ಹಾಕಿ ಕಾಯಿಸಿದ ಬೆಣ್ಣೆ ಸುರಿಯುತ್ತಾರೆ, ಥೇಟ್ ಒಗ್ಗರಣೆ. ನಿಂಬೆಹಣ್ಣು ಹಿಂಡಿ, ರೊಟ್ಟಿಯೊಂದಿಗೆ ಕುಡಿಯುವುದು. ರಂಜಾನ್ ಉಪವಾಸ ಬಿಡುವಾಗ ಊಟ ಶುರುವಾಗುವುದು ಸಾಮಾನ್ಯವಾಗಿ ಇಂಥ ಸೂಪಿನಿಂದಲೇ. ಇಂಥ ಸೂಪುಗಳನ್ನೇ ಮಾರುವ ಅಂಗಡಿಗಳು ಅಲ್ಲಿ ನಡುರಾತ್ರಿ ಕಳೆದರೂ ತೆರೆದಿರುತ್ತವೆ. ಶ್ರೀಮಂತನೂ ಕೂಲಿಯವನೂ ಅಲ್ಲಿ ಒಂದೇ ಬಟ್ಟಲು ಕೇಳುತ್ತಾರೆ.

ನನಗೆ ಹೊಟ್ಟೆಕಿಚ್ಚಾಗುವುದು ಇಲ್ಲೇ. ನಮ್ಮ ಮುದ್ದೆ ಹೋಟೆಲುಗಳಲ್ಲಿ ಬಸ್ಸಾರು ಸಿಗುತ್ತದೆ ನಿಜ, ಆದರೆ ಮುದ್ದೆಯ ಬಾಲವಾಗಿ. ಬಂಗಾರಪೇಟೆಯ ತಿಳಿನೀರಿನ ಪಾನಿಪೂರಿ ಬೆಂಗಳೂರಿನ ಬೀದಿಗಳಲ್ಲೂ ಊರ ಹೆಸರು ಹಾಕಿಕೊಂಡೇ ಮಾರಾಟವಾಗುತ್ತಿರುವಾಗ, ಅದೇ ಸೀಮೆಯ ಹುರುಳಿಕಟ್ಟಿಗೆ ಒಂದು ಬೋರ್ಡಿನ ಯೋಗ್ಯತೆ ಇಲ್ಲವೆ? ಚಳಿಗಾಲದ ಬೆಳಗ್ಗೆ ಬಸ್‌ಸ್ಟ್ಯಾಂಡ್ ಎದುರು ಯಾರಾದರೂ ಲೋಟದಲ್ಲಿ ಬಿಸಿಬಿಸಿ ಬಸ್ಸಾರು ಇಟ್ಟು ನೋಡಲಿ. ಹಿಂದಿನ ರಾತ್ರಿ ಮಾಡಿಟ್ಟದ್ದಾದರೆ ಇನ್ನೂ ಒಳ್ಳೆಯದು. ಹುಳಿ ಖಾರ ಎರಡೂ ಅಷ್ಟರಲ್ಲಿ ಹೊಂದಿಕೊಂಡಿರುತ್ತವೆ.