ಶೇಷವೂ ಶೇಷಿಯೂ: ಅನುಬದ್ಧ ತಂತ್ರಾಂಶ ಮತ್ತು ಪ್ರತ್ಯೇಕ ತಂತ್ರಾಂಶಗಳ ವಿಮರ್ಶೆ

ಗಣಕಯಂತ್ರದ ಚರಿತ್ರೆಯಲ್ಲಿ ಒಂದೇ ತಂತ್ರಾಂಶವು ಎರಡು ಬಗೆಯಾಗಿ ಜನರ ಕೈಸೇರಿದುದುಂಟು. ಅಂಗಡಿಯಲ್ಲಿ ತನ್ನ ಹೆಸರಿನಿಂದಲೇ ಬೆಲೆಗೆ ದೊರೆಯುವುದು ಒಂದು ಬಗೆ. ಬೇರೊಂದು ಸರಕಿನ ಸಂಗಡ, ಕೇಳದೆಯೇ ಬರುವುದು ಇನ್ನೊಂದು ಬಗೆ. ಮೊದಲನೆಯದು ಪೂರ್ಣ, ಎರಡನೆಯದು ನ್ಯೂನ ಎಂಬುದು ಲೋಕಾಭಿಪ್ರಾಯ. ಈ ಅಭಿಪ್ರಾಯವು ಎಷ್ಟರಮಟ್ಟಿಗೆ ನಿಲ್ಲುವುದು, ಇದರಿಂದ ಕನ್ನಡದ ಬರವಣಿಗೆಗೆ ಒದಗಿದ ಫಲವೇನು ಎಂಬುದು ವಿಚಾರಾರ್ಹವಾದ ವಿಷಯ.

ಪರಾರ್ಥವಾಗಿರುವುದನ್ನು ಮೀಮಾಂಸಕರು ಶೇಷವೆಂದೂ, ಅದು ಯಾವುದರ ಸಲುವಾಗಿ ಇರುವುದೋ ಅದನ್ನು ಶೇಷಿಯೆಂದೂ ಕರೆಯುವರು. ಈ ವಿಭಾಗವು ಪ್ರಕೃತಕ್ಕೆ ಚೆನ್ನಾಗಿ ಒಪ್ಪುವುದು. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸಿನ ಪ್ರಥಮ ಆವೃತ್ತಿಯನ್ನು 1985ರ ನವೆಂಬರಿನಲ್ಲಿ 99 ಡಾಲರುಗಳ ಬೆಲೆಗೆ ಹೊರತಂದಿತು. 1987ರಲ್ಲಿ ಆಲ್ಡಸ್ ಸಂಸ್ಥೆಯ ಪೇಜ್‌ಮೇಕರ್ ಪಿ.ಸಿ.ಗಳಿಗೆ ಬಂದಾಗ, ಅದರ ಪೆಟ್ಟಿಗೆಯೊಳಗೆ 'ರನ್‌ಟೈಮ್' ಎಂಬ ಹೆಸರಿನ, ವಿಂಡೋಸಿನದೇ ಒಂದು ಕಿರಿಯ ರೂಪವೂ ಇದ್ದಿತು. ಪುಟವಿನ್ಯಾಸಕ್ಕೆ ಬೇಕಾದ ಕಿಟಕಿಗಳನ್ನೂ ಪಟ್ಟಿಗಳನ್ನೂ ಅದು ತೆರೆಯ ಮೇಲೆ ಬರೆದು ತೋರಿಸುತ್ತಿದ್ದಿತು. ಆದರೆ ಅದರಿಂದ ಬೇರೆ ಯಾವ ಕಾರ್ಯಕ್ರಮವನ್ನೂ ಆರಂಭಿಸಲು ಬರುತ್ತಿರಲಿಲ್ಲ. ಪೇಜ್‌ಮೇಕರನ್ನು ಮುಚ್ಚಿದೊಡನೆ ಬಳಸುವವನು ಮರಳಿ ಡಾಸಿನ ಕಪ್ಪು ತೆರೆಗೆ ಬರುವನು. ಡಿಜಿಟಲ್ ರಿಸರ್ಚ್ ಸಂಸ್ಥೆಯ ಜೆಮ್ ಎಂಬುದು ವೆಂಚುರಾ ಪಬ್ಲಿಷರಿನ ಸಂಗಡ ಬಂದುದೂ ಇದೇ ರೀತಿಯದು. ಇಲ್ಲಿ ಪುಟವಿನ್ಯಾಸವು ಶೇಷಿ, ವಿಂಡೋಸು ಶೇಷ.

ಇದು ಕೊಂಡವನಿಗೆ ಮಾಡಿದ ವಂಚನೆಯೆಂದು ಪೂರ್ವಪಕ್ಷಿಯು ಹೇಳಬಹುದು. ಅದು ಸರಿಯಲ್ಲ. ವಿಂಡೋಸಿಗಾಗಿ ಬರೆದ ಕಾರ್ಯಕ್ರಮಗಳೇ ವಿರಳವಾಗಿದ್ದ ಆ ಕಾಲದಲ್ಲಿ, ಒಂದನ್ನು ನಡೆಯಿಸುವುದಕ್ಕಾಗಿ ಸಮಗ್ರವನ್ನು ಕೊಳ್ಳೆಂದು ಒತ್ತಾಯಿಸದಿರುವುದು ಉಪಕಾರವೇ ಹೊರತು ಅಪಕಾರವಲ್ಲ. 1990ರ ಮೇ ತಿಂಗಳಲ್ಲಿ ವಿಂಡೋಸ್ 3.0 ಬಂದಮೇಲೆ ಈ ಕಿರಿಯ ರೂಪದ ಅವಶ್ಯಕತೆಯು ಕಳೆಯಿತು; ಸಮಗ್ರ ವಿಂಡೋಸೇ ಹೊಸ ಯಂತ್ರಗಳ ಜೊತೆಗೆ ಬರತೊಡಗಿತು. ಆಗಲೂ ಅದು ಅನುಬದ್ಧವೇ, ಆದರೆ ಶೇಷವಲ್ಲ. ಆದಕಾರಣ ಅನುಬಂಧವೆಂಬುದು ತಾನೇ ನ್ಯೂನತೆಗೆ ಲಕ್ಷಣವಲ್ಲವೆಂದು ಸಿದ್ಧವಾಯಿತು.

ಇನ್ನು ಕನ್ನಡದ ವಿಷಯ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬರುವವರೆಗೂ ವಿಂಡೋಸಿನಲ್ಲಿ ಕನ್ನಡಕ್ಕೆ ಎಡೆಯಿರಲಿಲ್ಲ. ಆ ಕೊರತೆಯನ್ನು ತುಂಬಿದುವು ಪ್ರತ್ಯೇಕ ತಂತ್ರಾಂಶಗಳು. ಪುಣೆಯ ಶ್ರೀಲಿಪಿಯು ಬೆಲೆಗೆ ದೊರೆಯುತ್ತಿದ್ದಿತು. ಬರಹವು 1998ರಲ್ಲಿ ಹೊರಬಂದಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿಯು ಸರ್ಕಾರದ ಆಶ್ರಯ ಪಡೆದು ಉಚಿತವಾಗಿ ಹರಡಿತು. ಇವುಗಳ ಉಪಕಾರವನ್ನು ಮರೆಯುವುದು ಕೃತಘ್ನತೆಯಾದೀತು. ಆದರೆ ಇವುಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಒಂದು ದೋಷವಿದ್ದಿತು. ರೋಮನ್ ಅಕ್ಷರಗಳಿಗಾಗಿ ಏರ್ಪಟ್ಟ, 256ಕ್ಕೆ ಮೀರದ ಸ್ಥಾನಗಳಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ರೋಮನ್. ಕುಂದಗೋಳದಲ್ಲಿ ಹೀಗೆ ಬರೆದ ಪತ್ರವನ್ನು ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ಕಲಘಟಗಿಯಲ್ಲಿ ತೆರೆದರೆ, ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಮಾತ್ರ ಕಾಣುವುದು. ಇಲ್ಲಿ ಬರವಣಿಗೆಯೇ ಉಪಕರಣಕ್ಕೆ ಶೇಷವಾಯಿತು. ಶೇಷಿಯಾಗಬೇಕಾದುದು ಶೇಷವಾಗುವುದಕ್ಕಿಂತ ದೊಡ್ಡ ವೈಪರೀತ್ಯವಿಲ್ಲ.

ಎಕ್ಸ್‌ಪಿಯೊಡನೆ ಅನುಬದ್ಧವಾಗಿ ಬಂದ 'ತುಂಗಾ' ಅಕ್ಷರವಿನ್ಯಾಸವು ಯೂನಿಕೋಡನ್ನು ಅನುಸರಿಸಿ ಈ ವೈಪರೀತ್ಯವನ್ನು ಸರಿಪಡಿಸಿತು. ಆದರೂ ಅದು ಪೆಟ್ಟಿಗೆಯಲ್ಲಿ ನಿದ್ರಿಸುತ್ತಿದ್ದಿತು: ಸಂಕೀರ್ಣ ಲಿಪಿಗಳ ಸೌಕರ್ಯವನ್ನು ಬಳಸುವವನೇ ಹುಡುಕಿ, ಗುರುತು ಹಾಕಿ ಎಚ್ಚರಿಸಬೇಕಾಗಿದ್ದಿತು. ಇದನ್ನರಿಯದವನಿಗೆ ಕೊಟ್ಟದ್ದೂ ಕೊಡದ್ದಕ್ಕೆ ಸಮ. 2007ರಲ್ಲಿ ಜನರಿಗೆ ದೊರೆತ ವಿಸ್ಟಾದಲ್ಲಿ ಈ ತೊಡಕು ನೀಗಿತು.

ಇದರ ಗೌರವವು ಹಳಗನ್ನಡದ ವಿಷಯದಲ್ಲಿ ವಿಶದವಾಗುವುದು. ಪಂಪನ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸಸಿಂಘನ ಮೊಮ್ಮಗಳೆಂದು ಗಂಗಾಧರಂ ಶಾಸನವು ತಿಳಿಸುವುದು. ಆ ಕವಿಯ ಕಾವ್ಯವನ್ನು ಓಲೆಗರಿಯಿಂದ ಪ್ರತಿಮಾಡಲು ಲಿಪಿಜ್ಞಾನವೊಂದು ಸಾಕಾಗಿದ್ದಿತು. ಹಳೆಯ ಕಡತದಿಂದ ಓದಲು ಲಿಪಿಜ್ಞಾನದ ಮೇಲೆ ಅದೇ ಅಕ್ಷರವಿನ್ಯಾಸವೂ ಬೇಕು. ಯೂನಿಕೋಡಿನಲ್ಲಿ ಱಕಾರ ೞಕಾರಗಳಿಗೆ ಸ್ವಂತ ಸ್ಥಾನಗಳುಂಟು. ೞಕಾರಕ್ಕೆ ಅಲ್ಲಿ 'ಫ' ಎಂಬರ್ಥದ ತಪ್ಪು ಹೆಸರು ಬಿದ್ದಿದೆ. ಕೊಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ. ಆದರೆ ಸ್ಥಾನವು ಎಲ್ಲರಿಗೂ ವಿದಿತವಾದುದರಿಂದ ಹೆಸರಿನ ತಪ್ಪಿನಿಂದ ಪಾಠಕ್ಕೆ ಹಾನಿಯಿಲ್ಲ. ಸ್ಥಾನವೇ ಗೂಢವಾದರೆ ಹೆಸರು ಸರಿಯಿದ್ದೂ ಪ್ರಯೋಜನವಿಲ್ಲ.

ಹೀಗಿರಲು ತಂತ್ರಾಂಶದ ಗುಣದೋಷಗಳನ್ನು ಅದರ ಬೆಲೆಯಿಂದಲಾಗಲಿ, ಅದು ಬಂದ ದಾರಿಯಿಂದಲಾಗಲಿ ನಿರ್ಣಯಿಸತಕ್ಕದ್ದಲ್ಲ. ಉಪಕರಣವನ್ನು ತೆಗೆದಮೇಲೆಯೂ ಬರವಣಿಗೆಯು ಉಳಿಯುವುದೋ ಇಲ್ಲವೋ ಎಂಬುದೊಂದೇ ಒರೆಗಲ್ಲು. ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳಿವೆ. ಆದರೆ ಆಕಾರಗಳ ಕ್ರಮವನ್ನು ಉಚ್ಚಾರಣೆಯ ಕ್ರಮಕ್ಕೆ ತಿರುಗಿಸುವಾಗ ಅರ್ಕಾವತ್ತೂ ಒತ್ತಕ್ಷರಗಳೂ ತಪ್ಪುವ ಸಂಭವವುಂಟು. ಆದುದರಿಂದ ಮೂಲಕಡತವನ್ನೂ ಅದರ ಅಕ್ಷರವಿನ್ಯಾಸವನ್ನೂ ಕೆಡಿಸದೆ ಕಾಪಾಡಿ, ಪರಿವರ್ತಿತ ಪಾಠವನ್ನು ಬಲ್ಲವರು ಸಾಲುಸಾಲಾಗಿ ಒಪ್ಪಿಟ್ಟು ನೋಡತಕ್ಕದ್ದು. ನವಲಗುಂದ ಅಣ್ಣಿಗೇರಿಗಳಂಥ ಊರುಗಳಲ್ಲಿ ಹಳಗನ್ನಡವನ್ನು ಬೋಧಿಸುವ ಉಪಾಧ್ಯಾಯರಿಗೆ ಇದು ಅನ್ಯರ ಕೆಲಸವಲ್ಲ. ಪಾಠಶೋಧನವು ಓಲೆಗರಿಗಳೊಡನೆ ಮುಗಿಯಿತೆಂದು ಅವರು ಭಾವಿಸಬಾರದು. ಅದು ಈಗ ಹೊಸ ಕಡತಗಳಲ್ಲಿ ಮೊದಲಾಗಿದೆ.