ಒಬ್ಬರೇನಾ ಮೇಡಂ?

ಹೋಟೆಲುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ನಾಲಿಗೆಯಿಂದ ಶುರುಮಾಡುತ್ತಾರೆ. ದೋಸೆ ಗರಿಗರಿಯಾಗಿತ್ತೆ, ಚಟ್ನಿಗೆ ಹುರಿಗಡಲೆ ಜಾಸ್ತಿಯಾಗಿತ್ತೆ, ಕಾಫಿಗೆ ಚಿಕೋರಿ ಎಷ್ಟು ಬೆರೆಸಿದ್ದರು, ಇಷ್ಟಾದರೆ ಅವರ ವಿಮರ್ಶೆ ಮುಗಿಯಿತು. ಹೆಂಗಸರಾದ ನಮ್ಮ ಲೆಕ್ಕ ಸ್ವಲ್ಪ ಬೇರೆ. ಒಳಗೆ ಕಾಲಿಟ್ಟ ಕೂಡಲೇ ನಾವು ನೋಡುವುದು ಎಲ್ಲಿ ಕೂರಬೇಕು, ಯಾರ್‍ಯಾರು ತಿರುಗಿ ನೋಡುತ್ತಿದ್ದಾರೆ, ಟಾಯ್ಲೆಟ್ ಇದೆಯೆ, ಇದ್ದರೆ ಅದಕ್ಕೆ ಚಿಲಕ ಇದೆಯೆ ಎಂದು. ರುಚಿ ಆಮೇಲಿನ ಮಾತು. ಈ ಲೆಕ್ಕದಲ್ಲೂ ಹೋಟೆಲುಗಳ ವಿಮರ್ಶೆಯೊಂದು ಆಗಬೇಡವೆ?

ನಮ್ಮ ಊರುಗಳ ಹೋಟೆಲುಗಳಲ್ಲಿ ‘ಫ್ಯಾಮಿಲಿ ರೂಮ್’ ಎಂಬ ಬೋರ್ಡನ್ನು ನೀವೆಲ್ಲ ಕಂಡವರೇ. ಪ್ಲೈವುಡ್ಡಿನ ಗೋಡೆ, ಎಣ್ಣೆಯ ಕಮಟು ಹಿಡಿದ ಪರದೆ, ತಿರುಗಲೋ ಬೇಡವೋ ಎನ್ನುವ ಫ್ಯಾನು. ಹೆಂಗಸರಿಗೆ ಮರ್ಯಾದೆಯ ಜಾಗ ಎನ್ನುತ್ತಾರೆ ಮಾಲೀಕರು. ಆ ಮಾತನ್ನು ಪೂರ್ತಿ ತೆಗೆದುಹಾಕುವಂತಿಲ್ಲ. ಆ ಪರದೆ ಇಲ್ಲದಿದ್ದರೆ ನಮ್ಮ ಅಮ್ಮಂದಿರಲ್ಲಿ ಎಷ್ಟೋ ಜನ ಕಾವಲಿಯಿಂದ ಇಳಿದ ಬಿಸಿ ಮಸಾಲೆ ದೋಸೆಯನ್ನೇ ಕಾಣುತ್ತಿರಲಿಲ್ಲ, ಪಾರ್ಸೆಲ್ಲಿನಲ್ಲಿ ಮೆತ್ತಗಾದದ್ದೇ ಅವರ ಪಾಲಿಗಿತ್ತು. ಆದರೆ ಬೋರ್ಡಿನ ಮೇಲಿರುವುದು ಫ್ಯಾಮಿಲಿ, ಹೆಂಗಸರು ಅಲ್ಲ. ಜಿಲ್ಲಾ ಕೇಂದ್ರವೊಂದರಲ್ಲಿ ಮಧ್ಯಾಹ್ನ ಒಬ್ಬಳೇ ಊಟಕ್ಕೆ ಹೋದಾಗ, “ಒಬ್ಬರೇನಾ ಮೇಡಂ? ಫ್ಯಾಮಿಲಿ ರೂಮಿಗೆ ಇಬ್ಬರಾದರೂ ಇರಬೇಕು” ಎಂದರು. ಸರಿ, ಹೊರಗೇ ಕೂರುತ್ತೇನೆ ಎಂದರೆ, “ಅಲ್ಲಿ ಜೆಂಟ್ಸ್ ಇದ್ದಾರಲ್ಲ” ಎಂದರು. ಅನ್ನ ಮಾತ್ರ ಎರಡೂ ಕಡೆಗೆ ಒಂದೇ ಪಾತ್ರೆಯಿಂದ ಹೋಗುತ್ತಿತ್ತು! ಗಂಡಸನ್ನೂ “ಒಬ್ಬರೇನಾ ಸಾರ್?” ಎಂದು ಕೇಳುತ್ತಾರೆ ನಿಜ. ಅವನಿಗೆ ಅದು ಕುರ್ಚಿಯ ಲೆಕ್ಕ, ನಮಗೆ ನಡತೆಯ ಲೆಕ್ಕ.

ಈ ಪ್ರಶ್ನೆಯನ್ನು ಸದ್ದಿಲ್ಲದೆ ಅಳಿಸಿಹಾಕಿದ್ದು ದರ್ಶಿನಿ. 1983ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ಪದ್ಧತಿಯಲ್ಲಿ ಕೂರುವ ಜಾಗವೇ ಇಲ್ಲ, ಹಾಗಾಗಿ ಯಾರನ್ನು ಎಲ್ಲಿ ಕೂರಿಸಬೇಕೆಂಬ ತಕರಾರೂ ಇಲ್ಲ. ದುಡ್ಡು ಕೊಡು, ಟೋಕನ್ ತಗೋ, ತಿನ್ನು, ನಡೆ. ಅಡಿಗೆಮನೆ ಕಣ್ಣೆದುರೇ ಇರುತ್ತದೆ. ಆಫೀಸಿಗೆ ಓಡುವ ಹುಡುಗಿ, ಪಕ್ಕದಲ್ಲಿ ಆಟೋ ಓಡಿಸುವವರು, ಅವರ ಪಕ್ಕದಲ್ಲಿ ಬ್ಯಾಂಕಿನ ಮ್ಯಾನೇಜರು, ಎಲ್ಲರದೂ ಒಂದೇ ಎತ್ತರದ ಕಲ್ಲಿನ ಮೇಜು. ಹೆಂಗಸರ ಸ್ವಾತಂತ್ರ್ಯದ ಉದ್ದೇಶವಿಟ್ಟುಕೊಂಡು ಯಾರೂ ಇದನ್ನು ಕಟ್ಟಲಿಲ್ಲ. ಕಡಿಮೆ ಜಾಗದಲ್ಲಿ, ಕಡಿಮೆ ಆಳುಗಳಿಂದ ಹೆಚ್ಚು ಜನರಿಗೆ ಬಡಿಸುವ ಲೆಕ್ಕಾಚಾರ ಅದು. ಆದರೂ ಒಂಟಿ ಹೆಂಗಸು ಯಾರಿಗೂ ಉತ್ತರ ಕೊಡದೆ ಇಡ್ಲಿ ತಿನ್ನುವುದನ್ನು ಅದು ಮಾಮೂಲಿ ಮಾಡಿತು. ಹಾಗೆಂದು ಹೊಗಳಿ ಕೈತೊಳೆದುಕೊಳ್ಳುವಂತಿಲ್ಲ. ಮಂಡಿನೋವಿನವರು, ಬಸುರಿಯರು, ಕಂಕುಳಲ್ಲಿ ಮಗು, ಭುಜದಲ್ಲಿ ಬ್ಯಾಗು ಹೊತ್ತವರು ಬಿಸಿ ಸಾಂಬಾರನ್ನು ಯಾವ ಕೈಯಲ್ಲಿ ಹಿಡಿಯಬೇಕು? ಟಾಯ್ಲೆಟ್ಟಂತೂ ಎಷ್ಟೋ ಕಡೆ ಇಲ್ಲವೇ ಇಲ್ಲ. ಕೈತೊಳೆಯುವ ನಲ್ಲಿಯನ್ನೇ ತೋರಿಸಿ ಸುಮ್ಮನಾಗುತ್ತಾರೆ.

ಈಗ ಬೆಂಗಳೂರಿನಲ್ಲಿ ಹೊಸ ಬಗೆಯ ಹೋಟೆಲುಗಳು ಬಂದಿವೆ. ಅಲ್ಲಿಯೇ ಬಿಯರ್ ತಯಾರಿಸಿ ಅಲ್ಲಿಯೇ ಬಡಿಸುವ ಮೈಕ್ರೋಬ್ರೂವರಿಗಳು. 2010ರ ಆಚೀಚೆ ಶುರುವಾಗಿ ಇಂದಿರಾನಗರ, ವೈಟ್‌ಫೀಲ್ಡ್ ಕಡೆಗಳಲ್ಲೆಲ್ಲ ಹಬ್ಬಿದವು. ಅಕ್ಕನ ಮಗಳು ಅಂಥದೊಂದಕ್ಕೆ ಕರೆದುಕೊಂಡು ಹೋದಳು. ಗಾಜಿನಾಚೆ ಹೊಳೆಯುವ ದೊಡ್ಡ ಉಕ್ಕಿನ ಹಂಡೆಗಳು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹಾಪ್ಸ್ ಎಂಬ ಕಹಿ ಹೂವು, ಯೀಸ್ಟು, ನೀರು, ಇಷ್ಟೇ ಸಾಮಾನು. ಗೋಧಿಯ ಬಿಯರನ್ನು ಎರಡು ಗುಟುಕು ನೋಡಿದೆ. ಬಾಳೆಹಣ್ಣು, ಲವಂಗದ ವಾಸನೆ. ಅದು ಯೀಸ್ಟಿನ ಕೆಲಸವಂತೆ, ಬಾಳೆಹಣ್ಣು ಹಾಕುವುದಿಲ್ಲ. ಮುದ್ದೆಯ ರಾಗಿಯಿಂದ ಬಿಯರ್ ಮಾಡುವವರೂ ಇದ್ದಾರೆ.

ಅಲ್ಲಿ ನನಗೆ ಹಿಡಿಸಿದ್ದು, ಯಾರೂ ಯಾರನ್ನೂ ತಿರುಗಿ ನೋಡದಿರುವುದು. ಹೆಂಗಸರು ಒಂಟಿಯಾಗಿ ಕೂತು ತಿನ್ನುತ್ತಿದ್ದರು. ಟಾಯ್ಲೆಟ್ ಚೊಕ್ಕಟ, ಚಿಲಕ ಗಟ್ಟಿ. ಹಿಡಿಸದ್ದೂ ಇತ್ತು. ರುಚಿ ನೋಡುವ ಪುಟ್ಟ ಗ್ಲಾಸನ್ನು ಮೊದಲು ತಂದಿಟ್ಟಿದ್ದು ನಮ್ಮ ಜೊತೆಗಿದ್ದ ಹುಡುಗನ ಮುಂದೆ. ಕೇಳಿದ್ದು ನನ್ನ ಸೊಸೆ. ಬಿಲ್ಲೂ ಅವನ ಕೈಗೇ ಹೋಯಿತು. ಕೊಟ್ಟಿದ್ದು ಅವಳು. ತಮಾಷೆ ನೋಡಿ, ಸುಮೇರಿಯನ್ನರಿಗೆ ಬಿಯರಿನ ದೇವತೆ ಹೆಣ್ಣು, ನಿಂಕಾಸಿ ಎಂದು ಹೆಸರು. ಇಂಗ್ಲೆಂಡಿನಲ್ಲೂ ದೊಡ್ಡ ಕಾರ್ಖಾನೆಗಳು ಬರುವುದಕ್ಕೆ ಬಹಳ ಮೊದಲು ಮನೆಗಳಲ್ಲಿ ಬಿಯರ್ ಕಾಯಿಸುತ್ತಿದ್ದವರು ಹೆಂಗಸರು. ಮಾಡುವವಳಿಗೆ ಹಂಡೆ, ರುಚಿ ನೋಡುವವನಿಗೆ ಗ್ಲಾಸು!

ಬಿಲ್ಲಿನ ಕೊನೆಯಲ್ಲಿ ‘ಸರ್ವೀಸ್ ಚಾರ್ಜ್’ ಎಂದು ಇನ್ನೊಂದು ಸಾಲಿತ್ತು. ಇದನ್ನು ತಿಳಿದಿರುವುದು ಒಳ್ಳೆಯದು. ಈ ಹಣವನ್ನು ಹೋಟೆಲಿನವರು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಜಿಎಸ್‌ಟಿ ಸರ್ಕಾರದ ತೆರಿಗೆ, ಸರ್ವೀಸ್ ಚಾರ್ಜ್ ತೆರಿಗೆಯಲ್ಲ. ನನ್ನ ಸೊಸೆ ತೆಗೆಯಿರಿ ಎಂದಳು. ಹುಡುಗ ಮುಖ ಸಪ್ಪಗೆ ಮಾಡಿಕೊಂಡು ತೆಗೆದ. ಬಡಿಸಿದವನಿಗೆ ಅವಳು ಬೇರೆಯಾಗಿ, ಕೈಗೇ ಕೊಟ್ಟಳು. ಸಂಕೋಚಪಟ್ಟುಕೊಂಡು ಸುಮ್ಮನೆ ಹಣ ತೆತ್ತು ಬರುವ ನಮ್ಮ ಅಭ್ಯಾಸಕ್ಕೆ ಅವಳದೇ ಒಳ್ಳೆಯ ಮದ್ದು.

ಮೂರನ್ನೂ ತೂಗಿ ನೋಡಿದರೆ, ಫ್ಯಾಮಿಲಿ ರೂಮು ಕೂರಿಸಿತು, ಆದರೆ ಮರೆಮಾಡಿತು. ದರ್ಶಿನಿ ಮರೆ ತೆಗೆಯಿತು, ಆದರೆ ನಿಲ್ಲಿಸಿತು. ಬ್ರೂವರಿ ಬಯಲಲ್ಲಿ ಕೂರಿಸಿತು. ಆದರೆ ದುಬಾರಿ ಬೆಲೆಗೆ, ಅದೂ ಹೆಚ್ಚಾಗಿ ರಾಜಧಾನಿಯಲ್ಲಿ. ನಮ್ಮಂಥ ಊರುಗಳಿಗೆ ಬೇಕಾದದ್ದು ಬಿಯರಿನ ಹಂಡೆಯಲ್ಲ. ಬೆಳಕಿರುವ ಕಡೆ ಒಂದು ಕುರ್ಚಿ, ಚಿಲಕ ಬೀಳುವ ಒಂದು ಬಾಗಿಲು, ಕೇಳಿದವಳ ಮುಂದೆಯೇ ಬರುವ ಬಿಲ್ಲು. ಇಷ್ಟಕ್ಕೆ ಹೆಚ್ಚು ಬಂಡವಾಳ ಬೇಡ. ಮುಂದಿನ ಸಲ “ಒಬ್ಬರೇನಾ ಮೇಡಂ?” ಎಂದು ಕೇಳಿದರೆ “ಹೌದು, ಒಬ್ಬಳೇ” ಎಂದು ಹೇಳಿ, ಕಿಟಕಿಯ ಪಕ್ಕದ ಮೇಜು ಕೇಳಿ ನೋಡಿ. ಕೇಳುವವರಿದ್ದರೆ ಕೊಡುವವರೂ ಕಲಿಯುತ್ತಾರೆ.