ನಾಲ್ಕು ಹ್ಯಾಂಗರ್ ಇದ್ರೆ ಸಾಕಾ?

ಹೋದ ಶ್ರಾವಣದಲ್ಲಿ ಚಿಕ್ಕಪ್ಪ ಫೋನ್ ಮಾಡಿ, "ಮಗಾ, ಹೋಂಸ್ಟೇ ಮಾಡಾನ ಅಂತಿದೀನಿ. ಸರ್ಕಾರದ ಕಾಗದ ಪತ್ರ ಎಲ್ಲಾ ಇಂಗ್ಲಿಷ್‌ನಾಗೈತೆ, ಓದಿ ಏನು ಎತ್ತ ಹೇಳು" ಅಂದ್ರು. ಮನೆ ಇರೋದು ಮಧುಗಿರಿಯಿಂದ ಕೊರಟಗೆರೆ ಕಡೆ ಹೋಗೋ ರಸ್ತೆಗೆ ಹತ್ತಿಕೊಂಡ ಊರಲ್ಲಿ. ಹಿತ್ತಲಲ್ಲಿ ಎರಡು ಹುಣಸೆ ಮರ, ಅಂಗಳದಲ್ಲಿ ನಿಂತರೆ ಬೆಟ್ಟ ಇಡಿಯಾಗಿ ಕಾಣುತ್ತೆ. ನಾಲ್ಕು ರೂಮು ಎಬ್ಬಿಸೋಕೆ 18 ಲಕ್ಷ ಸಾಲ ಬೇಕಂತೆ. ಅಡ ಇಡೋದು ಅದೇ ಮನೆ, ಜೊತೆಗೆ ಕಡ್ಲೆಕಾಯಿ ಬೆಳೆಯೋ ಎರಡೂವರೆ ಎಕರೆ.

ನಾನು ಆಫೀಸಿನಲ್ಲಿ ದಿನಾ ಎಕ್ಸೆಲ್ ಶೀಟ್ ನೋಡೋ ಪ್ರಾಣಿ. ಓದೋದು ಕಷ್ಟ ಅಲ್ಲ ಅಂದ್ಕೊಂಡೆ. ಮೂರು ವಾರ ರಾತ್ರಿ ಹೊತ್ತು ಕೂತು, ಪ್ರವಾಸೋದ್ಯಮ ಶುರು ಮಾಡೋರಿಗೆ ಅಂತ ಇರೋ ಮಾರ್ಗದರ್ಶನವನ್ನೆಲ್ಲ ಓದಿದೆ. ಕರ್ನಾಟಕ ಪ್ರವಾಸೋದ್ಯಮ ನೀತಿ 2020-26, ಅದರ ಅವಧಿ ಮುಗಿಯೋಕೆ ಮೊದಲೇ ಬಂದ 2024-29ರ ನೀತಿ, ಕೇಂದ್ರದ ಇನ್‌ಕ್ರೆಡಿಬಲ್ ಇಂಡಿಯಾ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯ ನಿಯಮಗಳು, ಇದರ ಮೇಲೆ ಯೂಟ್ಯೂಬ್ ಗುರುಗಳ ಉಪದೇಶ ಬೇರೆ. ಪುಸ್ತಕ ವಿಮರ್ಶೆ ಮಾಡೋ ಹಾಗೆ ಇವನ್ನೂ ಯಾರಾದ್ರೂ ವಿಮರ್ಶೆ ಮಾಡಬೇಕಿತ್ತು ಅನ್ನಿಸಿತು. ಒಂದು ಕೆಟ್ಟ ಕಾದಂಬರಿ ಓದಿದ್ರೆ ಹೋಗೋದು ಒಂದು ಭಾನುವಾರ. ಇದನ್ನ ನಂಬಿದ್ರೆ ಮನೆ ಹೋಗುತ್ತೆ.

ಮೊದಲು ಒಳ್ಳೇದನ್ನೇ ಹೇಳ್ತೀನಿ. ಕೇಂದ್ರದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ನಿಯಮಗಳಲ್ಲಿ ಗೊಂದಲ ಇಲ್ಲ. ಒಂದರಿಂದ ಆರು ಕೋಣೆ, ಹೆಚ್ಚೆಂದರೆ 12 ಹಾಸಿಗೆ, ಮನೆಯವರು ಅದೇ ಮನೆಯಲ್ಲಿ ವಾಸ ಇರಬೇಕು. ಸಿಲ್ವರ್, ಗೋಲ್ಡ್ ಅಂತ ಎರಡು ದರ್ಜೆ. ಸಿಲ್ವರ್‌ಗೆ ಕೋಣೆ 120 ಚದರ ಅಡಿ, ಗೋಲ್ಡ್‌ಗೆ 200. ವಾರ್ಡ್‌ರೋಬಿನಲ್ಲಿ ಕನಿಷ್ಠ ನಾಲ್ಕು ಹ್ಯಾಂಗರ್ ಇರಬೇಕು ಅನ್ನೋ ತನಕ ಬರೆದಿದ್ದಾರೆ. ನಗಬೇಡಿ, ಇಷ್ಟು ಸ್ಪಷ್ಟವಾಗಿ ಬರೆಯೋದು ಸುಲಭ ಅಲ್ಲ. ವಿದೇಶಿ ಅತಿಥಿ ಬಂದ್ರೆ 24 ಗಂಟೆಯೊಳಗೆ ಫಾರ್ಮ್ ತುಂಬಬೇಕು ಅನ್ನೋದು ಚಿಕ್ಕಪ್ಪನಿಗೆ ಗೊತ್ತೇ ಇರಲಿಲ್ಲ. ಅದು ತಿಳಿದದ್ದು ಒಳ್ಳೇದಾಯ್ತು.

ಆದ್ರೆ ಇಷ್ಟೆಲ್ಲ ಓದಿ ಮುಗಿಸಿದ ಮೇಲೂ ಒಂದು ಪ್ರಶ್ನೆಗೆ ಉತ್ತರ ಸಿಗಲಿಲ್ಲ: ಇಲ್ಲಿ ರಾತ್ರಿ ಮಲಗೋರು ಯಾರು?

ಈ ಪ್ರಶ್ನೆ ಯಾಕೆ ಮುಖ್ಯ ಅಂತ ಲೆಕ್ಕ ಹಾಕಿ ತೋರಿಸ್ತೀನಿ. ಚಿಕ್ಕಪ್ಪನಿಗೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಟ್ಟ ಒಬ್ಬ ಕನ್ಸಲ್ಟೆಂಟ್, ವರ್ಷಪೂರ್ತಿ ನೂರಕ್ಕೆ 60 ರೂಮು ತುಂಬಿರುತ್ತೆ ಅಂತ ಬರೆದಿದ್ದ. ನಾಲ್ಕು ರೂಮು, ರಾತ್ರಿಗೆ 2,500 ರೂಪಾಯಿ, ವರ್ಷಕ್ಕೆ 21.9 ಲಕ್ಷ. ಬ್ಯಾಂಕಿನವರಿಗೂ ಖುಷಿ, ಚಿಕ್ಕಪ್ಪನಿಗೂ ಖುಷಿ. ಈಗ ನಮ್ಮ ಬೆಟ್ಟದ ಲೆಕ್ಕ ನೋಡಿ. ಬರೋ ಜನ ಶನಿವಾರ, ಭಾನುವಾರದವರು. ವರ್ಷದ 52 ಶನಿವಾರವೂ ನಾಲ್ಕಕ್ಕೆ ನಾಲ್ಕು ರೂಮು ತುಂಬಿದ್ವು ಅಂತಲೇ ಇಟ್ಕೊಳ್ಳಿ (ತುಂಬಲ್ಲ, ಆದ್ರೂ). 5.2 ಲಕ್ಷ. ಬುಕಿಂಗ್ ಆ್ಯಪ್‌ನವರು ನೂರಕ್ಕೆ 20 ಹಿಡಿದರು ಅಂದ್ರೆ ಉಳಿಯೋದು 4.16 ಲಕ್ಷ. 18 ಲಕ್ಷಕ್ಕೆ ಶೇಕಡಾ 11ರ ಬಡ್ಡಿ, ಏಳು ವರ್ಷ ಅಂದ್ರೆ ತಿಂಗಳಿಗೆ ಹತ್ತಿರ ಹತ್ತಿರ 31 ಸಾವಿರ ಕಂತು, ವರ್ಷಕ್ಕೆ 3.7 ಲಕ್ಷ. ಕೈಯಲ್ಲಿ ಮಿಕ್ಕಿದ್ದು 46 ಸಾವಿರ. ಅದರಲ್ಲೇ ಕರೆಂಟು, ಬೆಡ್‌ಶೀಟ್ ಒಗೆಯೋದು, ತಿಂಡಿ, ನೀರಿನ ಟ್ಯಾಂಕರ್. ಚಿಕ್ಕಮ್ಮನ ಕೂಲಿ ಯಾರ ಲೆಕ್ಕದಲ್ಲೂ ಇಲ್ಲ, ಕನ್ಸಲ್ಟೆಂಟ್ ಲೆಕ್ಕದಲ್ಲೂ ಇಲ್ಲ, ಚಿಕ್ಕಪ್ಪನ ಲೆಕ್ಕದಲ್ಲೂ ಇಲ್ಲ.

ಒಂದು ಭಾನುವಾರ ಬೆಟ್ಟದ ಬುಡದಲ್ಲಿ ಬೆಳಗ್ಗೆ ಆರರಿಂದ ಹನ್ನೊಂದರ ತನಕ ಕೂತಿದ್ದೆ. ಬೆಂಗಳೂರಿಗೆ ನೂರು ಚಿಲ್ಲರೆ ಕಿಲೋಮೀಟರ್ ಅಷ್ಟೆ. ನಾಲ್ಕು ಗಂಟೆಗೆ ಹೊರಟೋರು ಬೆಳಕು ಹರಿಯೋ ಹೊತ್ತಿಗೆ ಬಂದಿಳೀತಾರೆ. ಗಾಡಿಗಳ ನಂಬರ್ ನೋಡಿದ್ರೆ ಬಹುಪಾಲು ಬೆಂಗಳೂರಿನವೇ. ನಮ್ಮ ಕೆಎ 64 ಇದ್ದದ್ದು ಎಳನೀರು ತಂದ ಗೂಡ್ಸ್ ಆಟೋ ಮೇಲೆ. ಕೋಟೆ ಹತ್ತಿ, ಫೋಟೋ ತೆಗೆದು, ಬಿಸಿಲು ಏರೋ ಮುಂಚೆ ಇಳಿದು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದ್ರೆ ಊಟದ ಹೊತ್ತಿಗೆ ಮನೆ. ತಪ್ಪೇನಿಲ್ಲ, ನಾನೂ ಗೆಳೆಯರ ಜೊತೆ ಬಂದಾಗ ಹಾಗೇ ಮಾಡಿದೀನಿ. ಇಳಿದು ಬಂದ ಒಬ್ಬ ಹುಡುಗಿ ಹೂ ಮಾರೋ ಅಜ್ಜಿಯನ್ನ, "ಅಜ್ಜಿ, ಇಲ್ಲಿ ಟಾಯ್ಲೆಟ್ ಎಲ್ಲಿದೆ?" ಅಂತ ಕೇಳಿದಳು. ಅಜ್ಜಿ ಬಸ್‌ಸ್ಟ್ಯಾಂಡ್ ಕಡೆ ಕೈ ತೋರಿಸಿದರು.

ಆ ಒಂದು ಪ್ರಶ್ನೆಯಲ್ಲಿ ಇರೋ ವ್ಯಾಪಾರ ನಾನು ಓದಿದ ಅಷ್ಟೂ ಪುಟಗಳಲ್ಲಿ ಇಲ್ಲ. ನೀತಿಗಳು ಮಾತಾಡೋದು ಬಂಡವಾಳ ಹೂಡಿಕೆಯ ಭಾಷೆಯಲ್ಲಿ: ಹೋಟೆಲ್, ರೆಸಾರ್ಟ್, ಥೀಮ್ ಪಾರ್ಕ್, ಹಾಕಿದ ದುಡ್ಡಿಗೆ ತಕ್ಕ ಸಹಾಯಧನ. ದುಡ್ಡು ಹೆಚ್ಚು ಹಾಕಿದವನಿಗೆ ಹೆಚ್ಚು ಗೌರವ. ಐದು ಗಂಟೆ ಇದ್ದು ಹೋಗೋ ಪ್ರವಾಸಿಯಿಂದ ಐದು ರೀತಿಯಲ್ಲಿ ಸಂಪಾದಿಸೋದು ಹೇಗೆ ಅಂತ ಯಾರೂ ಹೇಳಲ್ಲ. ಬೆಳಗ್ಗೆ ಐದೂವರೆಗೆ ಬಿಸಿ ಕಾಫಿ, ನೆರಳಲ್ಲಿ ಪಾರ್ಕಿಂಗ್, ಕ್ಲೀನಾದ ಟಾಯ್ಲೆಟ್, ಕೋಟೆಯ ಕಥೆ ಹೇಳೋ ಒಬ್ಬ ಹುಡುಗ, ಇಳಿದ ಮೇಲೆ ಮುದ್ದೆ ಊಟ. ಇದಕ್ಕೆ 18 ಲಕ್ಷ ಬೇಡ. ಬೇಡವಾದ್ದರಿಂದಲೇ ಏನೋ, ಇದು 'ಯೋಜನೆ' ಅನ್ನಿಸಿಕೊಳ್ಳಲ್ಲ.

ಬೆಟ್ಟಕ್ಕೆ ರೋಪ್‌ವೇ ಅನ್ನೋ ಸುದ್ದಿಯನ್ನ ಮಾತ್ರ ನಾನು ಕಾಲೇಜಿನಲ್ಲಿದ್ದಾಗಿಂದ ಕೇಳ್ತಾನೇ ಇದೀನಿ.

ಇನ್ನೊಂದು ತಮಾಷೆ. ಬೆಟ್ಟದ ಮೇಲಿನ ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 2010ರ ತಿದ್ದುಪಡಿ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟೋ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. ಶಿರಾದಲ್ಲಿ 1651ರ ಮಲಿಕ್ ರಿಹಾನ್ ಗೋರಿ, 1696ರ ಜುಮ್ಮಾ ಮಸೀದಿ ಸುತ್ತಲೂ ಇದೇ ಕಾನೂನು. ಸರಿಯಾದ ಕಾನೂನೇ. ಆದ್ರೆ ನಮ್ಮ ಕಡೆ ಅಂಗಡಿ ಇಡೋನಿಗೆ ಮೊದಲು ಬೇಕಾದ್ದು ನಕ್ಷೆ. ಎಲ್ಲಿ ತನಕ ಪುರಾತತ್ವದವರದ್ದು, ಎಲ್ಲಿಂದ ಅರಣ್ಯ ಇಲಾಖೆದು, ಯಾವುದು ಪುರಸಭೆದು ಅಂತ. ಹ್ಯಾಂಗರ್ ಎಣಿಸಿದ ಕೈ ಇದನ್ನ ಬರೆದಿದ್ರೆ ಎಷ್ಟು ಜನರ ಸಾಲ ಉಳೀತಿತ್ತೋ!

ಶಿರಾ ಹೆಸರು ಬಂತು, ಹೇಳಿಬಿಡ್ತೀನಿ. 1687ರಿಂದ ಎಪ್ಪತ್ತು ವರ್ಷ ಮೊಘಲರ ಸುಬಾದ ರಾಜಧಾನಿಯಾಗಿದ್ದ ಊರು. ನಮ್ಮ ಲಾಲ್‌ಬಾಗ್‌ಗೆ ಶಿರಾದ ಖಾನ್ ಬಾಗ್ ತೋಟವೇ ಮಾದರಿ ಅಂತಾರೆ. ಹೆದ್ದಾರಿ 48ರಲ್ಲಿ ಹುಬ್ಬಳ್ಳಿ ಕಡೆಗೆ ಹೋಗೋರೆಲ್ಲ ಇದರ ಪಕ್ಕದಲ್ಲೇ ನೂರರ ಸ್ಪೀಡಲ್ಲಿ ಹೋಗ್ತಾರೆ. ಅವರನ್ನ ಮುಕ್ಕಾಲು ಗಂಟೆ ಊರೊಳಗೆ ತಿರುಗಿಸೋದು ಹೇಗೆ? ಅದಕ್ಕೂ ಹಾಸಿಗೆ ಬೇಡ.

ನಾಲ್ಕೂ ತಾಲ್ಲೂಕಿನಲ್ಲಿ ನಿಜವಾಗಿ ಜನ ತುಂಬೋದು ಎಲ್ಲಿ ಗೊತ್ತಾ? ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿ, ಪಾವಗಡದ ಶನಿ ಮಹಾತ್ಮ. ಜೂನ್ 2023ರಲ್ಲಿ ಹೆಂಗಸರಿಗೆ ಬಸ್ ಫ್ರೀ ಆದ ಮೇಲೆ ನಮ್ಮ ಚಿಕ್ಕಮ್ಮನೇ ಎರಡಕ್ಕೂ ಎಷ್ಟು ಸಲ ಹೋಗಿ ಬಂದಿದ್ದಾರೋ. ಅವರು ಹೂ ಕೊಳ್ತಾರೆ, ಟೀ ಕುಡೀತಾರೆ, ಮೊಮ್ಮಗೂಗೆ ಆಟದ ಸಾಮಾನು ತರ್ತಾರೆ. ಆದ್ರೆ ಇಂಡಸ್ಟ್ರಿ ಕಣ್ಣಿಗೆ ಚಿಕ್ಕಮ್ಮ 'ಟೂರಿಸ್ಟ್' ಅಲ್ಲ. ಬೆನ್ನಿಗೆ ಟ್ರೆಕಿಂಗ್ ಬ್ಯಾಗ್ ಹಾಕ್ಕೊಂಡು ಬಂದು, ಬಿಸ್ಕತ್ತು ಸಮೇತ ಬೆಂಗಳೂರಿಂದಲೇ ತಂದು, ಕವರ್ ಮಾತ್ರ ಇಲ್ಲಿ ಬಿಟ್ಟುಹೋಗೋ ನಾನು ಟೂರಿಸ್ಟ್.

ಎಲ್ಲಕ್ಕಿಂತ ನನ್ನನ್ನ ಕಾಡಿದ್ದು ಶಿರಾ ತಾಲ್ಲೂಕಿನ ಕಗ್ಗಲಡು. ಊರ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆ, ಬೂದು ಬಕ ಗೂಡು ಕಟ್ತವೆ. ಊರವರು ಅವನ್ನ ಓಡಿಸದೆ ಕಾಪಾಡಿಕೊಂಡು ಬಂದಿದ್ದಾರೆ. ಹಕ್ಕಿ ಕೂತ ಮರದಲ್ಲಿ ಹುಣಸೆ ಬಡಿಯೋಕಾಗಲ್ಲ. ಬಯಲುಸೀಮೆಯಲ್ಲಿ ಹುಣಸೆ ಅಂದ್ರೆ ಹಬ್ಬದ ಖರ್ಚು, ಮಗಳ ಫೀಸು. ಜನ ಕ್ಯಾಮೆರಾ ತಂದು, ಚಿತ್ರ ತೆಗೆದು, "ವಾವ್" ಅಂದು ಹೋಗ್ತಾರೆ. ಮದ್ದೂರಿನ ಕೊಕ್ಕರೆ ಬೆಳ್ಳೂರಿನಲ್ಲಿ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡೋ ಪದ್ಧತಿ ಎಷ್ಟೋ ವರ್ಷದಿಂದ ಇದೆ. ಅಂದ್ರೆ ದಾರಿ ಗೊತ್ತಿಲ್ಲದ್ದೇನಲ್ಲ. ಆದ್ರೆ ಉದ್ಯಮ ನಡೆಸೋರಿಗೆ ಬರೆದ ಪುಟಗಳಲ್ಲಿ, ನೋಡೋ ವಸ್ತುವನ್ನ ಕಾಪಾಡಿದವನ ಪಾಲು ಎಷ್ಟು ಅನ್ನೋ ಅಧ್ಯಾಯವೇ ಇಲ್ಲ.

ಇದನ್ನ ಕಲಿಯೋಕೆ ದೂರ ಹೋಗೋದೂ ಬೇಡ, ಪಾವಗಡಕ್ಕೆ ಹೋದ್ರೆ ಸಾಕು. ಮೂರು ಕಡೆ ಆಂಧ್ರ, ತಲೆ ಮೇಲೆ ಬರ. ಅಲ್ಲಿನ ತಿರುಮಣಿ ಸುತ್ತಮುತ್ತ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಮಾಡುವಾಗ ರೈತರ ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದ್ರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಏರಿಕೆ. ಭೂಮಿ ಇಲ್ಲದ ಕೂಲಿಯವರಿಗೆ ಅದರಿಂದ ನಷ್ಟವೇ ಆಯ್ತು, ಅದನ್ನ ಮುಚ್ಚಿಡಬಾರದು. ಆದ್ರೂ ಬಿಸಿಲಿಗೆ ಬಾಡಿಗೆ ಕಟ್ಟೋದು ಗೊತ್ತಿರೋ ಸರ್ಕಾರಕ್ಕೆ ಹುಣಸೆ ಮರದ ನೆರಳಿಗೆ, ಹಕ್ಕಿ ಗೂಡಿಗೆ ಬಾಡಿಗೆ ಕಟ್ಟೋದು ಯಾಕೆ ಹೊಳೆಯಲ್ಲ?

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಕೃಷ್ಣಮೃಗಗಳ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಉಲ್ಟಾ. 798 ಎಕರೆ, 2007ರಿಂದ ಸಂರಕ್ಷಿತ ಪ್ರದೇಶ. ಅಲ್ಲಿಗೆ ಮಾರ್ಗದರ್ಶನ ಬರೋದು ಇನ್ನೂ ಸ್ವಲ್ಪ ತಡ ಆಗಲಿ. ಜೀಪು ಹೆಚ್ಚಾದ್ರೆ ನೋಡೋಕೆ ಏನೂ ಇರಲ್ಲ.

ಚಿಕ್ಕಪ್ಪನಿಗೆ ಲೆಕ್ಕದ ಹಾಳೆ ಪ್ರಿಂಟ್ ತೆಗೆದು ತೋರಿಸಿದೆ. ಎರಡು ದಿನ ಮಾತಾಡಲಿಲ್ಲ. ಊರಲ್ಲಿ ಎಲ್ಲರಿಗೂ ಹೋಂಸ್ಟೇ ಅಂತ ಹೇಳಿಕೊಂಡಿದ್ದರಲ್ಲ. ಮೂರನೇ ದಿನ ಅವರೇ ಫೋನ್ ಮಾಡಿದ್ರು. ಸಾಲದ ಅರ್ಜಿ ವಾಪಸ್ ತಗೊಂಡಿರಲಿಲ್ಲ, ಮುಂದಕ್ಕೆ ಹಾಕಿದ್ದರು ಅಷ್ಟೆ.

"ಅಲ್ಲ ಮಗಾ, ರೋಡ್ ಪಕ್ಕ ಎರಡು ಟಾಯ್ಲೆಟ್ಟು ಕಟ್ಟಿಸಿ, ಹುಣಸೆ ಮರದ ಕೆಳಗೆ ಗಾಡಿ ನಿಲ್ಲಿಸಕ್ಕೆ ಜಾಗ ಮಾಡಿ, ನಿಮ್ಮ ಚಿಕ್ಕಮ್ಮ ಬೆಳಿಗ್ಗೆ ಉಪ್ಪಿಟ್ಟು ಕಾಫಿ ಇಟ್ರೆ ಒಂದು ಗಾಡಿಗೆ ಎಷ್ಟು ತಗಬೋದು? ಅದು ಯಾವುದಾದ್ರೂ ಪುಸ್ತಕದಾಗೆ ಐತಾ?"

"ಇಲ್ಲ ಚಿಕ್ಕಪ್ಪ."

"ಅಂಗಾದ್ರೆ ಚಿಕ್ಕಮ್ಮನ್ನೇ ಕೇಳ್ತೀನಿ ಬುಡು," ಅಂದು ಫೋನ್ ಇಟ್ಟರು.